ಸಲಾಯಿನ್ ಬಾಟಲಿಯ ಚರಿತ್ರೆ: ದೇಹ ಕಳೆದುಕೊಂಡದ್ದೇನು, ನಾವು ಕೊಡುವುದೇನು?

ಬೆಳಗಾವಿಯ ಕಡೆ ಯಾರಾದರೂ ಕಾಯಿಲೆ ಬಿದ್ದರೆ ನೋಡಲು ಹೋದವರು ಮೊದಲು ಕೇಳುವುದು 'ಏನು ರೋಗ?' ಎಂದಲ್ಲ, 'ಎಷ್ಟು ಬಾಟ್ಲಿ ಹಚ್ಚಿದ್ರು?' ಎಂದು. ಒಂದು ಬಾಟಲಿಯಾದರೆ ಸಣ್ಣ ಕಾಯಿಲೆ, ಮೂರಾದರೆ ದೊಡ್ಡದು. ಬಾಟಲಿಯನ್ನೇ ಹಚ್ಚದೆ ಎರಡು ಗುಳಿಗೆ ಕೊಟ್ಟು ಕಳಿಸಿದ ವೈದ್ಯರಿಗೆ ಏನೂ ತಿಳಿಯದು ಎಂದೇ ತೀರ್ಮಾನ. ಹೆದ್ದಾರಿಗೆ ಅಂಟಿಕೊಂಡಿರುವ ಕಾಕತಿಯಂಥ ಊರುಗಳಲ್ಲಿ ಸಂಜೆ ಹೊತ್ತು ಕಾರ್ಖಾನೆಯಿಂದ, ಹೊಲದಿಂದ ಮರಳುವ ಕೂಲಿಕಾರರು ದವಾಖಾನೆಯ ಬಾಗಿಲಲ್ಲಿ ನಿಂತು ಬೇಡುವುದೂ ಇದನ್ನೇ: "ಡಾಕ್ಟ್ರ, ಗುಳಿಗಿ ಬ್ಯಾಡ್ರಿ. ಭಾಳ ಅಶಕ್ತ ಆಗೇತಿ. ಒಂದು ಸಲಾಯಿನ್ ಹಚ್ಚಿಬಿಡ್ರಿ, ನಾಳೆ ಕೆಲಸಕ್ಕ ಹೋಗಬೇಕ್ರಿ."

ಇದನ್ನು ಕೇಳಿ ನಗುವುದು ಸುಲಭ. ಆದರೆ ಓದಿದವರೂ ಈಗ ಇದೇ ಸಾಲಿನಲ್ಲಿ ನಿಂತಿದ್ದಾರೆ. ಬೆಂಗಳೂರಿನಂಥ ನಗರಗಳಲ್ಲಿ ದಣಿವಾರಲು, ಕೂದಲು ಉದುರದಿರಲು, ಚರ್ಮ ಬೆಳ್ಳಗಾಗಲು ಜೀವಸತ್ವ ಬೆರೆಸಿದ ಬಾಟಲಿಗಳನ್ನು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ ಸಾವಿರಾರು ರೂಪಾಯಿಗೆ ಏರಿಸಲಾಗುತ್ತಿದೆ. ಬಡವ ಮತ್ತು ಶ್ರೀಮಂತ ಇಬ್ಬರೂ ಒಂದೇ ನಂಬಿಕೆಯಿಂದ ತೋಳು ಚಾಚುತ್ತಿರುವಾಗ, ಈ ಬಾಟಲಿ ಎಲ್ಲಿಂದ ಬಂತು, ಏತಕ್ಕಾಗಿ ಬಂತು ಎಂದು ಒಮ್ಮೆ ತಿರುಗಿ ನೋಡುವುದು ಅಗತ್ಯವೆಂದು ನಮಗೆ ತೋರುತ್ತದೆ.

ಕೋಟೆ ಗೆದ್ದವರನ್ನು ಕೊಂದ ರೋಗ

ಕಾಕತಿ ಕಿತ್ತೂರು ರಾಣಿ ಚೆನ್ನಮ್ಮನ ತವರೂರು. ಆಕೆ 1824ರಲ್ಲಿ ಕಂಪನಿ ಸರಕಾರದ ವಿರುದ್ಧ ಕತ್ತಿ ಹಿರಿದ ಕಥೆ ಕನ್ನಡದ ಮಕ್ಕಳಿಗೆಲ್ಲ ಗೊತ್ತು. ಅದೇ ಕಾಲದಲ್ಲಿ ಈ ನಾಡಿನ ಮೇಲೆ ಇನ್ನೊಂದು ದಂಡೂ ಬಂದಿತ್ತು. ಅದಕ್ಕೆ ಕೋಟೆ ಅಡ್ಡಿಯಾಗಲಿಲ್ಲ, ಬಿಳಿಯ ಸೈನಿಕನೂ ಹಳ್ಳಿಯ ಒಕ್ಕಲಿಗನೂ ಅದಕ್ಕೆ ಒಂದೇ ಆಗಿದ್ದರು. ಅದೇ ವಾಂತಿಭೇದಿ, ಅಂದರೆ ಕಾಲರಾ.

1817ರಲ್ಲಿ ಬಂಗಾಳದ ಜೆಸ್ಸೋರ್ ಪ್ರದೇಶದಲ್ಲಿ ಕಾಣಿಸಿಕೊಂಡ ಕಾಲರಾ, ಸೈನ್ಯ ಮತ್ತು ವ್ಯಾಪಾರಿಗಳ ದಾರಿ ಹಿಡಿದು ಮುಂದಿನ ವರ್ಷದ ಹೊತ್ತಿಗೆ ದಖ್ಖನಿಗೆ ಹರಡಿತು. 1818ರ ಏಪ್ರಿಲ್‌ನಲ್ಲಿ ಬೆಳಗಾವಿ ಕೋಟೆಯನ್ನು ಮರಾಠರಿಂದ ಗೆದ್ದುಕೊಂಡವರು ಥಾಮಸ್ ಮನ್ರೋ. ಮುಂದೆ ಮದ್ರಾಸಿನ ಗವರ್ನರ್ ಆದ ಇವರು, ಇಂಗ್ಲೆಂಡಿಗೆ ಮರಳುವ ಮುನ್ನ ತಾವು ಹಿಂದೆ ಆಳಿದ ಸೀಮೆಯನ್ನು ಕೊನೆಯ ಬಾರಿ ನೋಡಲು ಹೊರಟರು. 1827ರ ಜುಲೈ 6ರಂದು ಕರ್ನೂಲು ಸೀಮೆಯ ಪತ್ತಿಕೊಂಡದಲ್ಲಿ ಬೆಳಿಗ್ಗೆ ಅವರಿಗೆ ಕಾಲರಾ ತಗಲಿತು. ರಾತ್ರಿಯೊಳಗೆ ಅವರು ತೀರಿಕೊಂಡರು. ಗವರ್ನರರ ಬಿಡಾರದಲ್ಲಿ ಏನು ಕಡಿಮೆಯಿತ್ತು? ನೀರಿತ್ತು, ಉಪ್ಪಿತ್ತು, ಸಕ್ಕರೆಯೂ ಇತ್ತು. ಇವುಗಳನ್ನು ಯಾವ ಪ್ರಮಾಣದಲ್ಲಿ ಕೂಡಿಸಿ, ಯಾವ ದಾರಿಯಲ್ಲಿ ದೇಹಕ್ಕೆ ತಲುಪಿಸಬೇಕೆಂಬ ಅರಿವು ಮಾತ್ರ ಆಗಿನ ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ.

ಆ ಕಾಲದ ಯುರೋಪಿನ ವೈದ್ಯರು ಕಾಲರಾ ರೋಗಿಗೆ ಮಾಡುತ್ತಿದ್ದುದನ್ನು ನೆನೆದರೆ ಮೈ ನಡುಗುತ್ತದೆ. ತೀವ್ರ ಕಾಲರಾದಲ್ಲಿ ವಯಸ್ಕನ ದೇಹದಿಂದ ಗಂಟೆಗೆ ಒಂದು ಲೀಟರಿನವರೆಗೆ ನೀರು ಹೋಗಬಲ್ಲದು. ಕಣ್ಣು ಗುಳಿ ಬೀಳುತ್ತದೆ, ಕೈಬೆರಳ ಚರ್ಮ ಸುಕ್ಕುಗಟ್ಟುತ್ತದೆ, ನಾಡಿ ಸಿಗದಂತಾಗುತ್ತದೆ. ಹೀಗೆ ಒಣಗುತ್ತಿರುವ ದೇಹದ ನರ ಕೊಯ್ದು ಇನ್ನಷ್ಟು ರಕ್ತ ಹರಿಸುತ್ತಿದ್ದರು. ಪಾದರಸದ ಪುಡಿ, ಅಫೀಮು, ಬ್ರಾಂದಿ ಕೊಡುತ್ತಿದ್ದರು. ಬಾಯಾರಿ ಕೂಗುವ ರೋಗಿಗೆ ನೀರು ಕೊಡಲೇಬಾರದು ಎಂದವರೂ ಇದ್ದರು. ಕಳೆದುಕೊಂಡದ್ದೇನು ಎಂದು ಕೇಳದೆ ಕೊಟ್ಟ ಮದ್ದು ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಸ್ಕಾಟ್ಲೆಂಡಿನ ಒಬ್ಬ ಮುದುಕಿ

ಸಂಗೊಳ್ಳಿ ರಾಯಣ್ಣನನ್ನು ಖಾನಾಪುರ ತಾಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿಯಲ್ಲಿ. ಅದೇ ವರ್ಷದ ಕೊನೆಗೆ ಕಾಲರಾ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಬಂದರಿಗೆ ಕಾಲಿಟ್ಟಿತು. ಅಲ್ಲಿಗೆ ಧಾವಿಸಿದವರಲ್ಲಿ ಇಪ್ಪತ್ತೆರಡು ವರ್ಷದ ಐರಿಷ್ ವೈದ್ಯ ವಿಲಿಯಂ ಬ್ರೂಕ್ ಓಷಾನೆಸ್ಸಿ ಒಬ್ಬರು. ಅವರು ರೋಗಿಗಳ ರಕ್ತವನ್ನು ಪರೀಕ್ಷಿಸಿ ನೋಡಿದರು. ರಕ್ತ ತನ್ನ ನೀರಿನ ದೊಡ್ಡ ಪಾಲನ್ನೂ ಉಪ್ಪಿನಂಶಗಳನ್ನೂ ಕಳೆದುಕೊಂಡಿದೆ, ಅವೆರಡೂ ಮಲದಲ್ಲಿ ಹೋಗಿವೆ ಎಂದು ಕಂಡುಕೊಂಡರು. ಹೋದದ್ದನ್ನೇ ರಕ್ತನಾಳದ ಮೂಲಕ ಹಿಂತಿರುಗಿಸಬೇಕು ಎಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು.

ಇದನ್ನು ಓದಿ ಕೈಗೆತ್ತಿಕೊಂಡವರು ಸ್ಕಾಟ್ಲೆಂಡಿನ ಲೀತ್ ಬಂದರಿನ ವೈದ್ಯ ಥಾಮಸ್ ಲಾಟಾ. 1832ರ ಮೇ ತಿಂಗಳಲ್ಲಿ ಅವರ ಮುಂದೆ ಸಾಯುವ ಸ್ಥಿತಿಯಲ್ಲಿದ್ದ ಒಬ್ಬ ಮುದುಕಿ ಇದ್ದಳು. ಬೇರೆಲ್ಲ ಮದ್ದೂ ಮುಗಿದಿತ್ತು. ಉಪ್ಪು ಮತ್ತು ಸೋಡಾ ಕರಗಿಸಿದ ನೀರನ್ನು ಅವರು ಆಕೆಯ ತೋಳಿನ ನಾಳಕ್ಕೆ ಬಿಡತೊಡಗಿದರು. ಅರ್ಧ ಗಂಟೆಯಲ್ಲಿ ಆರು ಪಿಂಟ್, ಅಂದರೆ ಮೂರು ಲೀಟರಿಗೂ ಹೆಚ್ಚು ನೀರು ಒಳಗೆ ಹೋಯಿತು. ನಿಂತೇ ಹೋಗಿದ್ದ ನಾಡಿ ಮರಳಿತು. ಗುಳಿ ಬಿದ್ದ ಕಣ್ಣು ಬೆಳಗಿತು. ಮುದುಕಿ ಗಟ್ಟಿ ದನಿಯಲ್ಲಿ ಮಾತಾಡಿ, ತನಗೀಗ ಸ್ವಲ್ಪ ನಿದ್ದೆ ಸಾಕು ಎಂದಳು. ಲಾಟಾ ಅವಳನ್ನು ಕಿರಿಯ ವೈದ್ಯನ ವಶಕ್ಕೆ ಬಿಟ್ಟು ಹೊರಟರು. ಆದರೆ ಭೇದಿ ನಿಂತಿರಲಿಲ್ಲ. ಒಳಗೆ ಹಾಕಿದ ನೀರು ಮತ್ತೆ ಹೊರಗೆ ಹೋಯಿತು, ಇನ್ನೊಮ್ಮೆ ತುಂಬುವವರಿರಲಿಲ್ಲ. ಸುಮಾರು ಐದೂವರೆ ಗಂಟೆಗಳ ನಂತರ ಆಕೆ ತೀರಿಕೊಂಡಳು.

ಡ್ರಿಪ್ ಚಿಕಿತ್ಸೆಯ ಎಲ್ಲ ಪಾಠವೂ ಈ ಮೊದಲ ದಿನದಲ್ಲೇ ಇದೆ. ಕಳೆದುಕೊಂಡದ್ದನ್ನೇ ಕೊಟ್ಟರೆ ಸತ್ತಂತಿದ್ದವರು ಎದ್ದು ಕೂರುತ್ತಾರೆ. ಕೊಟ್ಟ ಮೇಲೆ ಪಕ್ಕದಲ್ಲಿ ನೋಡುವವರು ಇಲ್ಲದಿದ್ದರೆ ಗೆದ್ದದ್ದು ಸೋಲಾಗುತ್ತದೆ. 'ವೈದ್ಯರ ಮೇಲ್ವಿಚಾರಣೆ' ಎಂದು ಇಂದು ಔಷಧದ ಪೆಟ್ಟಿಗೆಗಳ ಮೇಲೆ ಅಚ್ಚಾಗುವ ಮಾತಿನ ಅರ್ಥ ಇಷ್ಟೇ.

ಲಾಟಾ ಮರುವರ್ಷವೇ ಕ್ಷಯದಿಂದ ಸತ್ತರು. ಶುದ್ಧವಲ್ಲದ ನೀರು, ಕುದಿಸದ ಉಪಕರಣಗಳು ಜ್ವರ ನಂಜು ತರುತ್ತಿದ್ದುದರಿಂದ ಈ ವಿದ್ಯೆ ಬಹುಕಾಲ ಮೂಲೆ ಸೇರಿತು. ಭಟ್ಟಿ ಇಳಿಸಿದ ನೀರಿನಲ್ಲೂ ಬ್ಯಾಕ್ಟೀರಿಯಾಗಳು ಬಿಟ್ಟ ಅಂಶ ಉಳಿದು ಜ್ವರ ತರುತ್ತದೆಂದು ಅಮೆರಿಕದ ಫ್ಲಾರೆನ್ಸ್ ಸೀಬರ್ಟ್ ತೋರಿಸಿದ್ದು 1923ರಲ್ಲಿ. ಬಾಟಲಿ ನಂಬಿಕೆಗೆ ಅರ್ಹವಾದದ್ದು ಆಮೇಲೆಯೇ.

ಕಲ್ಕತ್ತೆಯಿಂದ ಬನಗಾಂವ್‌ಗೆ

ಓಷಾನೆಸ್ಸಿ 1833ರಲ್ಲಿ ಭಾರತಕ್ಕೆ ಬಂದು ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದರು, ಆಮೇಲೆ ದೇಶಕ್ಕೆ ತಂತಿ ಹಾಕಿಸುವ ಕೆಲಸದಲ್ಲಿ ಹೆಸರಾದರು.  ಆದರೆ ಅವರ ವಿಚಾರ ಪೂರ್ಣಗೊಂಡದ್ದು ಅದೇ ಕಲ್ಕತ್ತೆಯಲ್ಲಿ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅಲ್ಲಿ ಲಿಯೊನಾರ್ಡ್ ರೋಜರ್ಸ್ ಗಾಢವಾದ ಉಪ್ಪುನೀರನ್ನು ಅಳತೆ ಮಾಡಿ ನಾಳಕ್ಕೆ ಕೊಟ್ಟು ಕಾಲರಾ ಸಾವನ್ನು ಸುಮಾರು ಅರ್ಧಕ್ಕೆ ಇಳಿಸಿದರು. 1953ರಲ್ಲಿ ಹೇಮೇಂದ್ರನಾಥ ಚಟರ್ಜಿಯವರು ಉಪ್ಪು-ಗ್ಲುಕೋಸ್ ನೀರನ್ನು ಬಾಯಿಯ ಮೂಲಕವೇ ಕೊಟ್ಟು ಕಾಲರಾ ರೋಗಿಗಳನ್ನು ಗುಣಪಡಿಸಿದ ವರದಿ ಲ್ಯಾನ್ಸೆಟ್‌ನಲ್ಲಿ ಬಂತು. 1959ರಲ್ಲಿ ಶಂಭುನಾಥ ಡೇ ಅವರು ಕಾಲರಾ ರೋಗಾಣು ಕರುಳಿನಲ್ಲಿ ಬಿಡುವ ವಿಷವೇ ನೀರು ಹರಿಸುತ್ತದೆಂದು ತೋರಿಸಿದರು. 1960ರಲ್ಲಿ ರಾಬರ್ಟ್ ಕ್ರೇನ್ ಅವರು ಕರುಳಿನ ಗೋಡೆಯಲ್ಲಿ ಗ್ಲುಕೋಸ್ ಮತ್ತು ಉಪ್ಪಿನ ಸೋಡಿಯಂ ಜೋಡಿಯಾಗಿ ಒಳಗೆ ಹೋಗುತ್ತವೆಂದು ವಿವರಿಸಿದರು. ಜೋಡಿ ಹೋದ ದಾರಿಯಲ್ಲಿ ನೀರೂ ಹೋಗುತ್ತದೆ. ಸೂಜಿಯಿಲ್ಲದೆ ಬಾಯಿಂದಲೇ ದೇಹವನ್ನು ತುಂಬಬಹುದೆಂಬ ಲೆಕ್ಕ ಹೀಗೆ ಸಿಕ್ಕಿತು.

ಈ ಲೆಕ್ಕಕ್ಕೆ ಅಗ್ನಿಪರೀಕ್ಷೆ ಬಂದದ್ದು 1971ರಲ್ಲಿ. ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ಲಕ್ಷಾಂತರ ನಿರಾಶ್ರಿತರು ಗಡಿಯ ಬನಗಾಂವ್‌ನಲ್ಲಿ ತುಂಬಿದ್ದರು. ಕಾಲರಾ ಹಬ್ಬಿತು. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು. ಸಲಾಯಿನ್ ಬಾಟಲಿಗಳು ಮುಗಿಯುತ್ತ ಬಂದವು. ಅಲ್ಲಿದ್ದ ಡಾ. ದಿಲೀಪ್ ಮಹಲನಬೀಸ್ ಒಂದು ಧೈರ್ಯದ ನಿರ್ಧಾರ ಮಾಡಿದರು. ಲೀಟರ್ ನೀರಿಗೆ 22 ಗ್ರಾಂ ಗ್ಲುಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಸಿದರು. ಅದನ್ನು ಕುಡಿಸುವ ಕೆಲಸವನ್ನು ರೋಗಿಗಳ ತಾಯಂದಿರಿಗೆ, ಬಂಧುಗಳಿಗೆ ಒಪ್ಪಿಸಿದರು. ಸುಮಾರು ನೂರಕ್ಕೆ ಮೂವತ್ತರಷ್ಟಿದ್ದ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗೆ ಇಳಿಯಿತು. 1978ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದರ ಹಿಂದಿನ ವಿಜ್ಞಾನವನ್ನು ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆ ಆಗಬಹುದೆಂದು ಬರೆಯಿತು. ಮಹಲನಬೀಸ್ 2022ರಲ್ಲಿ ನಿಧನರಾದರು. ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಬಂದದ್ದು 2023ರಲ್ಲಿ.

ಮುಂದಿನ ದಶಕದಲ್ಲಿ ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆಯ ಹೆಣ್ಣುಮಕ್ಕಳು ಮನೆಮನೆಗೆ ನಡೆದು, ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಒಂದು ಅಳತೆ ನೀರು ಎಂಬ ಪಾಠವನ್ನು ಕೋಟಿಗೂ ಹೆಚ್ಚು ಮನೆಗಳ ತಾಯಂದಿರಿಗೆ ಕಲಿಸಿದರು. ನಮ್ಮ ಉತ್ತರ ಕರ್ನಾಟಕದ ಅಜ್ಜಿಯಂದಿರು ಭೇದಿಯಾದ ಮಗುವಿಗೆ ಉಪ್ಪು ಹಾಕಿದ ಅಂಬಲಿ, ಗಂಜಿಯ ತಿಳಿ, ಮಜ್ಜಿಗೆ ಕುಡಿಸುತ್ತಿದ್ದುದೂ ಇದರ ನೆಂಟನೇ. ಗಂಜಿಯ ಪಿಷ್ಟ ಕರುಳಿನಲ್ಲಿ ಒಡೆದು ಗ್ಲುಕೋಸ್ ಆಗುತ್ತದೆ, ಉಪ್ಪಿನ ಜೊತೆ ಸೇರಿ ನೀರನ್ನು ಒಳಗೆಳೆಯುತ್ತದೆ.

ನೀರು 'ಶಕ್ತಿ'ಯಾದ ಬಗೆ

ಬಾಯಿಯ ದಾರಿ ಇಷ್ಟು ಚೆನ್ನಾಗಿರುವಾಗ ತೋಳಿನ ದಾರಿಗೆ ಈ ಮೋಹ ಏಕೆ? ಎರಡನೆಯ ಮಹಾಯುದ್ಧದ ನಂತರ ಬಂದ ಪೆನಿಸಿಲಿನ್ ಚುಚ್ಚುಮದ್ದು ಸಾಯುವವರನ್ನು ಉಳಿಸಿದ್ದನ್ನು ಜನ ಕಣ್ಣಾರೆ ಕಂಡರು. ಸೂಜಿಯೆಂದರೆ ನಿಜವಾದ ಮದ್ದು ಎಂಬ ನಂಬಿಕೆ ಬೇರೂರಿತು. ಸೂಜಿಯೊಂದಿಗೆ ಬಂದ ಬಾಟಲಿಗೂ ಆ ಗೌರವ ಸಿಕ್ಕಿತು. ಪ್ರಾಣ ಉಳಿಸಿದ ನೀರು ಬರಬರುತ್ತ 'ಶಕ್ತಿಯ ಬಾಟಲಿ' ಆಯಿತು.

ಲೆಕ್ಕ ಹಾಕಿ ನೋಡೋಣ. ಅರ್ಧ ಲೀಟರಿನ ಐದು ಪ್ರತಿಶತ ಗ್ಲುಕೋಸ್ ಬಾಟಲಿಯಲ್ಲಿರುವುದು 25 ಗ್ರಾಂ ಗ್ಲುಕೋಸ್, ಅಂದರೆ ಐದಾರು ಚಮಚ ಸಕ್ಕರೆಯಷ್ಟು. ಅದರಿಂದ ಸಿಗುವ ಶಕ್ತಿ ನೂರು ಕ್ಯಾಲರಿಯೂ ಅಲ್ಲ. ಒಂದು ಜೋಳದ ರೊಟ್ಟಿ ಅದಕ್ಕಿಂತ ಹೆಚ್ಚು ಕೊಡುತ್ತದೆ, ಹೊಟ್ಟೆಯನ್ನೂ ತುಂಬಿಸುತ್ತದೆ. ಅರ್ಧ ಲೀಟರಿನ ಉಪ್ಪುನೀರಿನ ಬಾಟಲಿಯಲ್ಲಿರುವುದು 4.5 ಗ್ರಾಂ ಉಪ್ಪು. ವಯಸ್ಕರು ಇಡೀ ದಿನಕ್ಕೆ ಐದು ಗ್ರಾಂ ಉಪ್ಪು ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವಾಂತಿಭೇದಿಯಿಂದ ಒಣಗಿದವನಿಗೆ ಇದೇ ಉಪ್ಪು ಜೀವ, ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇರುವವನಿಗೆ ಇದೇ ಹೊರೆ. ಬಾಟಲಿಯನ್ನು ಹಳದಿಯಾಗಿಸುವುದು ಬಿ ಗುಂಪಿನ ರೈಬೋಫ್ಲೇವಿನ್ ಎಂಬ ಜೀವಸತ್ವ. ಬಿ ಮತ್ತು ಸಿ ಜೀವಸತ್ವಗಳು ನೀರಿನಲ್ಲಿ ಕರಗುವಂಥವು. ದೇಹಕ್ಕೆ ಬೇಕಿಲ್ಲದ ಬಹುಪಾಲು ಮೂತ್ರದಲ್ಲಿ ಹೊರಗೆ ಹೋಗುತ್ತದೆ.

ನಗರಗಳ ಜೀವಸತ್ವದ ಡ್ರಿಪ್‌ಗೂ ಒಂದು ವಂಶಾವಳಿ ಇದೆ. ಅಮೆರಿಕದ ಬಾಲ್ಟಿಮೋರ್‌ನ ವೈದ್ಯ ಜಾನ್ ಮೈಯರ್ಸ್ ಕೊಡುತ್ತಿದ್ದ ಮಿಶ್ರಣವನ್ನು 1984ರಲ್ಲಿ ಅವರು ತೀರಿಕೊಂಡ ಮೇಲೆ ಅಲನ್ ಗೇಬಿ ಎಂಬ ವೈದ್ಯರು ಮುಂದುವರಿಸಿ ಪ್ರಚುರಪಡಿಸಿದರು. 2009ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಮೈಕೈ ನೋವಿನಿಂದ ನರಳುವ 34 ಜನರಲ್ಲಿ ಕೆಲವರಿಗೆ ಈ ಮಿಶ್ರಣ, ಉಳಿದವರಿಗೆ ಜೀವಸತ್ವವಿಲ್ಲದ ದ್ರವ ಕೊಟ್ಟು ನೋಡಿದರು. ಎರಡೂ ಗುಂಪಿನವರಿಗೆ ಹಾಯೆನಿಸಿತು. ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಮಾತ್ರ ಕಾಣಲಿಲ್ಲ.

ಈ ಫಲಿತಾಂಶ ನಮ್ಮ ಕಾಕತಿಯ ಕೂಲಿಕಾರಳ ಬಗ್ಗೆಯೂ ಏನನ್ನೋ ಹೇಳುತ್ತದೆ. ಬೆಳಗಿನಿಂದ ಬಗ್ಗಿ ದುಡಿದ ಹೆಂಗಸಿಗೆ ಬಾಟಲಿ ಮುಗಿಯುವವರೆಗಿನ ಒಂದು ಗಂಟೆಯೇ ದಿನದ ಏಕೈಕ ವಿಶ್ರಾಂತಿ. ಅಷ್ಟು ಹೊತ್ತು ಒಲೆಯ ಕರೆಯಿಲ್ಲ. ಒಬ್ಬರು ಬಂದು ಕೈಹಿಡಿದು ನಾಡಿ ನೋಡುತ್ತಾರೆ, 'ಹೆಂಗಿದ್ದೀಯವ್ವಾ?' ಎನ್ನುತ್ತಾರೆ. ಆಕೆಗೆ ಹಾಯೆನಿಸುವುದು ಸುಳ್ಳಲ್ಲ. ಆದರೆ ಆಕೆಯ ದೇಹ ಕಳೆದುಕೊಂಡದ್ದು ನೀರಲ್ಲ, ಊಟ ಮತ್ತು ನಿದ್ದೆ. ಆಕೆಯ ರಕ್ತದಲ್ಲಿ ಕಡಿಮೆಯಿರುವುದು ಕಬ್ಬಿಣವೂ ಇರಬಹುದು. ಪರೀಕ್ಷೆ ಮಾಡದೆ ಹಚ್ಚಿದ ಬಾಟಲಿ ದಿನದ ಕೂಲಿಯನ್ನು ನುಂಗಿ ಆ ಕೊರತೆಯನ್ನು ಮುಚ್ಚಿಡುತ್ತದೆ.

ಈ ವ್ಯತ್ಯಾಸವನ್ನು ಮುಸ್ಲಿಂ ಧರ್ಮಶಾಸ್ತ್ರಜ್ಞರೂ ಎದುರಿಸಬೇಕಾಯಿತು ಎಂಬುದು ಕುತೂಹಲದ ಸಂಗತಿ. ಡ್ರಿಪ್ ಹಚ್ಚಿಸಿಕೊಂಡರೆ ರಂಝಾನಿನ ಉಪವಾಸ ಮುರಿಯುತ್ತದೆಯೇ? 1997ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ, ಚಿಕಿತ್ಸೆಯ ಚುಚ್ಚುಮದ್ದು ಚರ್ಮಕ್ಕಿರಲಿ ನಾಳಕ್ಕಿರಲಿ ಉಪವಾಸವನ್ನು ಮುರಿಯದು ಎಂದು ಹೇಳಿ, ಪೋಷಣೆ ನೀಡುವ ದ್ರವಗಳನ್ನು ಮಾತ್ರ ಇದರಿಂದ ಹೊರಗಿಟ್ಟಿತು. ಈ ವಿಷಯದಲ್ಲಿ ವಿದ್ವಾಂಸರ ನಡುವೆ ಅಭಿಪ್ರಾಯ ಭೇದಗಳಿವೆ. ನಮಗಿಲ್ಲಿ ಮುಖ್ಯವಾದದ್ದು ಅವರು ಕೇಳಿದ ಪ್ರಶ್ನೆ: ಈ ಬಾಟಲಿಯಲ್ಲಿರುವುದು ಮದ್ದೋ, ಆಹಾರವೋ? ದವಾಖಾನೆಯ ಮಂಚದ ಮೇಲೆ ಮಲಗುವ ಪ್ರತಿಯೊಬ್ಬರೂ ಕೇಳಬೇಕಾದ ಪ್ರಶ್ನೆಯೂ ಅದೇ. ನಿಜಕ್ಕೂ ರೋಗಿಯಾದವನಿಗೆ ಉಪವಾಸವನ್ನು ಬೇರೆ ದಿನಗಳಲ್ಲಿ ಪೂರೈಸುವ ರಿಯಾಯಿತಿ ಹೇಗೂ ಇದೆ.

ಬೆಳಗಾವಿ ತೋರಿಸಿದ ದಾರಿ

ಸೂಜಿಯನ್ನು ಬಿಟ್ಟುಬಿಡಿ ಎಂದು ನಾವು ಹೇಳುತ್ತಿಲ್ಲ. ಪ್ರಜ್ಞೆಯಿಲ್ಲದವನು, ವಾಂತಿ ನಿಲ್ಲದವನು, ನಾಡಿ ಕುಸಿದವನು, ಶಸ್ತ್ರಚಿಕಿತ್ಸೆಯಾದವನು, ಡೆಂಗಿ ಉಲ್ಬಣಿಸಿದವನು, ಇವರಿಗೆಲ್ಲ ಡ್ರಿಪ್ ಅನಿವಾರ್ಯ. ಕುಡಿತದಿಂದ ಜರ್ಜರಿತನಾದವನಿಗೆ ಬಿ1 ಜೀವಸತ್ವವನ್ನು ನಾಳಕ್ಕೆ ಕೊಟ್ಟೇ ಮೆದುಳನ್ನು ಕಾಪಾಡಬೇಕಾಗುತ್ತದೆ. ಎಲ್ಲಿ ಸೂಜಿ, ಎಲ್ಲಿ ಬಾಯಿ ಎಂಬುದನ್ನು ಹೇಗೆ ತೀರ್ಮಾನಿಸಬೇಕೆಂದು ತೋರಿಸಿದವರು ನಮ್ಮ ಬೆಳಗಾವಿಯಲ್ಲೇ ಇದ್ದಾರೆ.

1963ರಲ್ಲಿ ಆರಂಭವಾದ ಇಲ್ಲಿನ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಂದಿಗೆ ಸೇರಿ ಜಿಲ್ಲೆಯ ಹಳ್ಳಿಗಳಲ್ಲಿ ಹೆರಿಗೆಯ ರಕ್ತಸ್ರಾವವನ್ನು ಅಧ್ಯಯನ ಮಾಡಿದರು. ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಅನ್ನು ಚುಚ್ಚಬೇಕು, ತಂಪಿನಲ್ಲಿಡಬೇಕು. ಅದಿಲ್ಲದ ಕಡೆ ನುಂಗುವ ಮಿಸೊಪ್ರೊಸ್ಟಾಲ್ ಗುಳಿಗೆ ಸಾಕಾದೀತೇ? 1,620 ಹೆಂಗಸರ ಮೇಲೆ ನಡೆದು 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಹೆರಿಗೆಯ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ಗುಳಿಗೆ ಕೊಟ್ಟವರು ಹಳ್ಳಿಯ ದಾದಿಯರೇ. ಅದೇ ಕಾಲೇಜು 2021ರಲ್ಲಿ ಆರಂಭವಾದ ರ‍್ಯಾಪಿಡ್‌ಐರನ್ ಅಧ್ಯಯನದಲ್ಲಿ ತಿರುಗಿ ಕೇಳಿತು: ರಕ್ತಹೀನ ಗರ್ಭಿಣಿಗೆ ದಿನವೂ ಕಬ್ಬಿಣದ ಗುಳಿಗೆ ನುಂಗಿಸುವುದಕ್ಕಿಂತ ಒಮ್ಮೆ ನಾಳದ ಮೂಲಕ ಕಬ್ಬಿಣ ಕೊಡುವುದು ಮೇಲೇ? ಕರ್ನಾಟಕ ಮತ್ತು ರಾಜಸ್ಥಾನದ ನಾಲ್ಕು ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು ಒಳಗೊಂಡ ಅಧ್ಯಯನವಿದು. ಇಲ್ಲಿಯೂ ತೋಳು ಅದೇ, ಸೂಜಿ ಅದೇ. ಆದರೆ ಮೊದಲು ರಕ್ತಪರೀಕ್ಷೆ, ಆಮೇಲೆ ಅಳತೆ, ಆಮೇಲೆ ನಿಗಾ.

ನಿಗಾ ತಪ್ಪಿದರೆ ಏನಾಗಬಹುದೆಂಬ ಭಯವೂ ನಮ್ಮ ನಾಡಿನಲ್ಲಿ ತಾಜಾ ಇದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರಾದ ಮೇಲೊಬ್ಬರಂತೆ ಅಸ್ವಸ್ಥರಾದರು. ಐವರು ತೀರಿಕೊಂಡರು. ಅವರಿಗೆ ಕೊಟ್ಟಿದ್ದ ರಿಂಗರ್ ಲ್ಯಾಕ್ಟೇಟ್ ದ್ರವದ ಮೇಲೆ ಶಂಕೆ ಬಿತ್ತು. ರಾಜ್ಯ ಸರಕಾರ ಅದರ ಬಳಕೆಯನ್ನು ತಡೆದು, ಪೂರೈಸಿದ ಹೊರರಾಜ್ಯದ ಕಂಪನಿಯನ್ನು ಕಪ್ಪುಪಟ್ಟಿಗೆ ಸೇರಿಸಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಬಾಯಿಯಿಂದ ಹೋದದ್ದಕ್ಕೆ ನಾಲಗೆ, ಹೊಟ್ಟೆ, ಯಕೃತ್ತು ಎಂಬ ಕಾವಲುಗಾರರಿದ್ದಾರೆ. ನಾಳಕ್ಕೆ ಹೋದದ್ದು ಯಾವ ಬಾಗಿಲನ್ನೂ ತಟ್ಟದೆ ಹೃದಯಕ್ಕೆ ನೇರ ತಲುಪುತ್ತದೆ. ಆದ್ದರಿಂದ ಹೊರಗೆ ಕಾವಲು ಬೇಕು. ಬೇಡದ ಬಾಟಲಿಯೊಂದನ್ನು ಹಚ್ಚಿಸಿಕೊಳ್ಳುವವರು ಬೇಡದ ಅಪಾಯವನ್ನೂ ಹಚ್ಚಿಸಿಕೊಳ್ಳುತ್ತಾರೆ.

ಕೊನೆಗೆ ನೀರಿನ ಮಾತು

2022ರ ಅಕ್ಟೋಬರ್‌ನಲ್ಲಿ ನಮ್ಮದೇ ಜಿಲ್ಲೆಯ ರಾಮದುರ್ಗ ತಾಲೂಕಿನ ಮುದೇನೂರಿನಲ್ಲಿ ಕಲುಷಿತ ನೀರು ಕುಡಿದು ಜನ ಗುಂಪುಗುಂಪಾಗಿ ವಾಂತಿಭೇದಿಗೆ ತುತ್ತಾದರು, ಸಾವುಗಳೂ ಆದವು. 2024ರ ಜುಲೈ ಮಳೆಯಲ್ಲಿ ಖಾನಾಪುರ ಕಾಡಿನ ಆಮಗಾಂವ್‌ನ ರೋಗಿಯೊಬ್ಬರನ್ನು ಊರವರು ಕಟ್ಟಿಗೆಯ ಹೊರೆಮಂಚದಲ್ಲಿ ಮೈಲಿಗಟ್ಟಲೆ ಹೊತ್ತು ರಸ್ತೆಗೆ ತಂದರು. ಇಂಥ ಊರುಗಳಿಗೆ ಬಾಟಲಿ ತಲುಪುವ ಮುನ್ನ ತಲುಪಬೇಕಾದದ್ದು ಮನೆಯಲ್ಲೊಂದು ಓಆರ್‌ಎಸ್ ಪೊಟ್ಟಣ, ಅದನ್ನು ಕಲಸುವ ತಿಳಿವಳಿಕೆ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು. ಅಳತೆ ತಪ್ಪಬಾರದು. ಅಂಗಡಿಯ ಸಿಹಿ ಪಾನೀಯಗಳು 'ಓಆರ್‌ಎಸ್' ಎಂದು ಹೆಸರಿಟ್ಟುಕೊಳ್ಳುವುದನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ನಿಷೇಧಿಸಿದೆ. ಆದ್ದರಿಂದ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿರುವ ಪೊಟ್ಟಣವನ್ನೇ ಕೇಳಿ ಪಡೆಯಬೇಕು. ಮಗು ಕುಡಿಯಲಾರದೆ ಮಂಕಾದರೆ, ಮೂತ್ರ ನಿಂತರೆ, ಒಂದು ನಿಮಿಷವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಆಗ ಬೇಕಾದದ್ದು ಬಾಟಲಿಯೇ.

ಓಷಾನೆಸ್ಸಿ ರೋಗಿಯ ರಕ್ತ ನೋಡಿ ಕೇಳಿದ್ದು ಇಷ್ಟೇ: ಈ ದೇಹ ಕಳೆದುಕೊಂಡದ್ದೇನು? ಇಂದು ಕಾಕತಿಯ ಕೂಲಿಕಾರಳ ಮುಂದೆ ನಿಂತ ವೈದ್ಯರು ಇದನ್ನು ಕೇಳಬೇಕು. ಆಕೆಗೆ ಕೂಲಿ, ಊಟ, ವಿಶ್ರಾಂತಿ, ಶುದ್ಧ ನೀರು ಕೊಡಬೇಕಾದ ನಾವೂ ಕೇಳಿಕೊಳ್ಳಬೇಕು. ಮುಂದಿನ ಸಲ ಕಾಯಿಲೆಯವರನ್ನು ನೋಡಲು ಹೋದಾಗ 'ಎಷ್ಟು ಬಾಟ್ಲಿ?' ಎನ್ನುವ ಬದಲು 'ರಕ್ತ ತಪಾಸಣೆ ಮಾಡಿಸಿದ್ರಾ? ಊಟ ಸೇರತೈತೇನು?' ಎಂದು ಕೇಳಿದರೆ ಅಷ್ಟರಮಟ್ಟಿಗೆ ಉಪಕಾರವಾದೀತು.